ಬಾನಿನ ನೌಕೆಗೆ ನೆಲದ ಕಣ್ಣು

ಸೂರ್ಯನು ಮುಳುಗಿ ಮುಕ್ಕಾಲು ಗಂಟೆ ಕಳೆದಿರುತ್ತದೆ. ಪಡುವಣ ದಿಗಂತದ ಕೆಂಪು ಇನ್ನೂ ಪೂರ್ತಿಯಾಗಿ ಆರಿರುವುದಿಲ್ಲ. ಅಂಥ ವೇಳೆಯಲ್ಲಿ ವಾಯವ್ಯದ ಮರಗಳ ಮೇಲಿನಿಂದ ಹೊಳೆಯುವ ಚುಕ್ಕೆಯೊಂದು ಮೂಡಿಬರುವುದುಂಟು. ಅದು ನಕ್ಷತ್ರದಂತೆ ಮಿನುಗುವುದಿಲ್ಲ. ವಿಮಾನದಂತೆ ಕೆಂಪು ಹಸಿರು ದೀಪಗಳನ್ನು ಮಿಟುಕಿಸುವುದಿಲ್ಲ. ಸದ್ದು ಮಾಡುವುದಂತೂ ಇಲ್ಲವೇ ಇಲ್ಲ. ಶುಕ್ರಗ್ರಹಕ್ಕೆ ಸಮನಾದ ಕಾಂತಿಯಿಂದ ಅದು ನೆತ್ತಿಯ ಕಡೆಗೆ ಏರುತ್ತದೆ. ಐದಾರು ನಿಮಿಷಗಳಲ್ಲಿ ಆಕಾಶವನ್ನು ದಾಟಿ ಮರೆಯಾಗುತ್ತದೆ. ಕೆಲವೊಮ್ಮೆ ದಾರಿಯ ನಡುವೆಯೇ, ಬತ್ತಿಯನ್ನು ಇಳಿಸಿದ ದೀಪದಂತೆ, ಮಂಕಾಗಿ ಆರಿಹೋಗುತ್ತದೆ.

ಈ ಚುಕ್ಕೆಯೇ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಇದರ ಮೊದಲ ಭಾಗವು 1998ರ ನವೆಂಬರಿನಲ್ಲಿ ಕಕ್ಷೆಯನ್ನು ಸೇರಿತು. 2000ದ ನವೆಂಬರ್ 2ರಿಂದ ಈಚೆಗೆ ಅದರಲ್ಲಿ ಮನುಷ್ಯರು ಇಲ್ಲದ ದಿನವೇ ಇಲ್ಲ. ಅದರ ಉದ್ದ 109 ಮೀಟರ್, ಎಂದರೆ ಕಾಲ್ಚೆಂಡಿನ ಮೈದಾನದಷ್ಟು. ಇಷ್ಟು ದೊಡ್ಡ ಮನೆ ಬರಿಗಣ್ಣಿಗೆ ಬರಿಯ ಚುಕ್ಕೆ! ಈ ಚುಕ್ಕೆಯೊಳಗೆ ಅಡಗಿರುವ ಆಕಾರವನ್ನು ನೆಲದ ಮೇಲೆ ನಿಂತು ಚಿತ್ರದಲ್ಲಿ ಹಿಡಿಯಲು ಸಾಧ್ಯವೇ? ಸಾಧ್ಯ. ಕಾಡಿನ ಹಕ್ಕಿಗಳ ಚಿತ್ರ ತೆಗೆಯುವವರು ಬಳಸುವ ಟೆಲಿಫೋಟೋ ಮಸೂರದಿಂದಲೂ ಇದನ್ನು ಸಾಧಿಸಿದವರಿದ್ದಾರೆ. ನೋಟಕ್ಕೆ ಇದು ಹವ್ಯಾಸದಂತೆ ತೋರಬಹುದು. ಆದರೆ ಕಕ್ಷೆಯಲ್ಲಿರುವ ನೌಕೆಯ ಚಿತ್ರವನ್ನು ತೆಗೆಯಬೇಕೆ ಬೇಡವೆ ಎಂಬ ಪ್ರಶ್ನೆಯ ಮೇಲೆ ಮನುಷ್ಯರ ಪ್ರಾಣವೇ ನಿಂತಿದ್ದ ಸಂದರ್ಭವೂ ಒಮ್ಮೆ ಒದಗಿತು.

ಮೊದಲು, ಕತ್ತಲಲ್ಲಿ ಈ ನೌಕೆ ಕಾಣುವುದಾದರೂ ಹೇಗೆ ಎಂಬುದನ್ನು ತಿಳಿಯಬೇಕು. ಹೊಳೆಯಲು ಅದಕ್ಕೆ ಸ್ವಂತ ಬೆಳಕಿಲ್ಲ. ಅದು ಹೊಳೆಯುವುದು ಸೂರ್ಯನ ಬೆಳಕಿನಿಂದ. ಸಂಜೆ ಊರಿನ ಬೀದಿಗಳಲ್ಲಿ ಕತ್ತಲು ಕವಿದ ಮೇಲೂ ಎತ್ತರದ ಬೆಟ್ಟದ ತುದಿಯಲ್ಲಿ ಬಿಸಿಲು ಸ್ವಲ್ಪ ಹೊತ್ತು ಉಳಿದಿರುವುದನ್ನು ಹಳ್ಳಿಯವರೆಲ್ಲ ಕಂಡಿದ್ದಾರೆ. ನಿಲ್ದಾಣವು ಸುಮಾರು 410 ಕಿಲೋಮೀಟರ್ ಎತ್ತರದ ಬೆಟ್ಟದ ತುದಿ ಎಂದು ಭಾವಿಸಿದರೆ ವಿಷಯ ಸುಲಭವಾಗುತ್ತದೆ. ನೆಲಕ್ಕೆ ಇರುಳಾದ ಮೇಲೂ ಅಲ್ಲಿ ಬಿಸಿಲಿರುತ್ತದೆ. ರಾತ್ರಿ ಬೆಳೆದಂತೆ ಭೂಮಿಯ ನೆರಳು ಮೇಲೆ ಮೇಲೆ ಏರಿ ಕಕ್ಷೆಯನ್ನೂ ಆವರಿಸುತ್ತದೆ. ಆದುದರಿಂದಲೇ ನಮ್ಮ ನಾಡಿನಲ್ಲಿ ನಡುರಾತ್ರಿ ಅದು ಕಾಣದು. ಮುಸ್ಸಂಜೆ ಮತ್ತು ನಸುಕುಗಳೇ ಅದರ ದರ್ಶನಕ್ಕೆ ತಕ್ಕ ಕಾಲ. ಅದು ದಾರಿಯ ನಡುವೆ ಆರಿಹೋಗುವುದೆಂದರೆ ಭೂಮಿಯ ನೆರಳನ್ನು ಹೊಕ್ಕಿತೆಂದು ಅರ್ಥ. ಅದರ ಕಕ್ಷೆಯು ಭೂಮಧ್ಯರೇಖೆಗೆ 51.6 ಡಿಗ್ರಿ ಓರೆಯಾಗಿರುವುದರಿಂದ ಬೀದರಿನಿಂದ ಚಾಮರಾಜನಗರದವರೆಗಿನ ಊರುಗಳ ಮೇಲೂ ಅದು ಹಾದುಹೋಗುತ್ತದೆ.

ಕೃತಕ ಉಪಗ್ರಹಗಳನ್ನು ನೆಲದಿಂದ ನೋಡುವ ಕೆಲಸ ಅವುಗಳ ಹುಟ್ಟಿನೊಡನೆಯೇ ಆರಂಭವಾಯಿತು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್-1ನ್ನು ಹಾರಿಸಿತು. ಅದು 58 ಸೆಂಟಿಮೀಟರ್ ವ್ಯಾಸದ ಲೋಹದ ಗೋಳ. ಅಂದು ಜನರು ಬರಿಗಣ್ಣಿನಿಂದ ಕಂಡದ್ದು ಬಹುಮಟ್ಟಿಗೆ ಆ ಗೋಳವನ್ನಲ್ಲ; ಅದನ್ನು ಕಕ್ಷೆಗೇರಿಸಿ ತಾನೂ ಸುತ್ತುತ್ತಿದ್ದ ದೊಡ್ಡ ರಾಕೆಟ್ಟನ್ನು. ಇದಕ್ಕೆ ಮೊದಲೇ ಅಮೆರಿಕದ ಖಗೋಳ ವಿಜ್ಞಾನಿ ಫ್ರೆಡ್ ವಿಪಲ್ ಅವರು 'ಮೂನ್‌ವಾಚ್' ಎಂಬ ಯೋಜನೆಯನ್ನು ರೂಪಿಸಿದ್ದರು. ಶಿಕ್ಷಕರು, ವಿದ್ಯಾರ್ಥಿಗಳು ಮತ್ತು ಇತರ ಹವ್ಯಾಸಿಗಳು ಚಿಕ್ಕ ದೂರದರ್ಶಕಗಳ ಮುಂದೆ ಕುಳಿತು, ಉಪಗ್ರಹವು ಹಾದುಹೋದ ಗಳಿಗೆಯನ್ನು ಗುರುತಿಸಿ ತಿಳಿಸುತ್ತಿದ್ದರು. ಆ ಕೆಲಸ 1975ರವರೆಗೂ ನಡೆಯಿತು.

ಕಣ್ಣಿನ ಸಾಕ್ಷ್ಯದ ಜೊತೆಗೆ ಕ್ಯಾಮರಾದ ಸಾಕ್ಷ್ಯವೂ ಬೇಕಾಗಿತ್ತು. ಅದಕ್ಕಾಗಿ ನಿರ್ಮಿಸಿದ ವಿಶೇಷ ಕ್ಯಾಮರಾಗಳಿಗೆ, ಅವುಗಳನ್ನು ರೂಪಿಸಿದ ಜೇಮ್ಸ್ ಬೇಕರ್ ಮತ್ತು ಜೋಸೆಫ್ ನನ್ ಅವರ ನೆನಪಿಗೆ, 'ಬೇಕರ್-ನನ್' ಎಂಬ ಹೆಸರಾಯಿತು. ಅರ್ಧ ಮೀಟರ್ ಅಗಲದ ದ್ವಾರವುಳ್ಳ ಇಂಥ ಕ್ಯಾಮರಾಗಳನ್ನು ಭೂಗೋಳದ ಹನ್ನೆರಡು ಕಡೆಗಳಲ್ಲಿ ಸ್ಥಾಪಿಸಿದರು. ಅವುಗಳಲ್ಲಿ ಒಂದು ಭಾರತದ ಪಾಲಿಗೆ ಬಂದು ಹಿಮಾಲಯದ ಮಡಿಲಿನ ನೈನಿತಾಲಿನಲ್ಲಿ ನೆಲೆಗೊಂಡಿತು. ನಕ್ಷತ್ರಗಳ ನಡುವೆ ಉಪಗ್ರಹವು ಯಾವ ಕ್ಷಣದಲ್ಲಿ ಎಲ್ಲಿತ್ತು ಎಂಬುದನ್ನು ಆ ಕ್ಯಾಮರಾ ಫಿಲ್ಮಿನ ಮೇಲೆ ದಾಖಲಿಸುತ್ತಿತ್ತು.

ಆ ಚಿತ್ರಗಳಲ್ಲಿ ಕಾಣುತ್ತಿದ್ದುದು ಚುಕ್ಕೆ ಅಥವಾ ಗೆರೆ, ಅಷ್ಟೆ. ಆದರೂ ಅವುಗಳಿಂದ ದೊರೆತ ತಿಳಿವಳಿಕೆ ಸಣ್ಣದಲ್ಲ. ಉಪಗ್ರಹದ ಸ್ಥಾನವನ್ನು ದಿನದಿನವೂ ಅಳೆದಾಗ ಅದು ಸ್ವಲ್ಪಸ್ವಲ್ಪವೇ ಕೆಳಗಿಳಿಯುವುದು ಗೊತ್ತಾಯಿತು. ನೂರಾರು ಕಿಲೋಮೀಟರ್ ಎತ್ತರದಲ್ಲಿಯೂ ತೆಳುವಾದ ಗಾಳಿಯುಂಟು, ಸೂರ್ಯನ ಚಟುವಟಿಕೆ ಹೆಚ್ಚಿದಾಗ ಆ ಗಾಳಿ ಉಬ್ಬಿ ಉಪಗ್ರಹವನ್ನು ಮತ್ತಷ್ಟು ತಡೆಯುತ್ತದೆ ಎಂಬುದು ಇಂಥ ಅಳತೆಗಳಿಂದ ಸ್ಪಷ್ಟವಾಯಿತು. ಭೂಮಿಯ ನಿಜವಾದ ಆಕಾರವನ್ನು ಇನ್ನಷ್ಟು ನಿಖರವಾಗಿ ತಿಳಿಯಲೂ ಅವು ನೆರವಾದವು. ಚುಕ್ಕೆಯೊಂದರ ಚಿತ್ರವು, ನೋಡುವವನಿಗೆ ಲೆಕ್ಕ ತಿಳಿದಿದ್ದರೆ, ಇಷ್ಟೆಲ್ಲವನ್ನೂ ಹೇಳಬಲ್ಲದು.

ಚುಕ್ಕೆಯ ಸ್ಥಾನವನ್ನು ಹಿಡಿಯುವುದು ಒಂದು ಕೆಲಸವಾದರೆ, ಅದರ ಆಕಾರವನ್ನು ಹಿಡಿಯುವುದು ಬೇರೆಯೇ ಕೆಲಸ. ಅದಕ್ಕೆ ಬಿಂಬವು ದೊಡ್ಡದಾಗಬೇಕು. ಬಿಂಬದ ಗಾತ್ರವನ್ನು ನಿರ್ಧರಿಸುವುದು ಮಸೂರದ ಸಂಗಮದೂರ. ಸಂಗಮದೂರ ಎರಡರಷ್ಟಾದರೆ ಬಿಂಬದ ಅಗಲವೂ ಎರಡರಷ್ಟಾಗುತ್ತದೆ. ಆದರೆ ಸಂಗಮದೂರ ಬೆಳೆದಂತೆ ಕ್ಯಾಮರಾದ ಕೊಳವೆಯೂ ಉದ್ದವಾಗಿ ಹೊರುವುದೇ ಕಷ್ಟವಾದೀತು. ಟೆಲಿಫೋಟೋ ಮಸೂರದ ಜಾಣ್ಮೆ ಇರುವುದು ಇಲ್ಲಿಯೇ. ಅದರ ಮುಂಭಾಗದ ಮಸೂರಗಳು ಒಟ್ಟಾಗಿ ಪೀನಮಸೂರದಂತೆ ಬೆಳಕನ್ನು ಒಂದೆಡೆಗೆ ಕೂಡಿಸುತ್ತವೆ. ಹಿಂಭಾಗದವು ನಿಮ್ನಮಸೂರದಂತೆ ಆ ಕೂಡುವಿಕೆಯನ್ನು ನಿಧಾನಗೊಳಿಸುತ್ತವೆ. ಇದರ ಫಲವಾಗಿ, ಕೊಳವೆಯು ಗಿಡ್ಡವಾಗಿದ್ದರೂ ಬಿಂಬವು ಉದ್ದನೆಯ ಸಂಗಮದೂರದ ಮಸೂರ ಕೊಡುವಷ್ಟೇ ದೊಡ್ಡದಾಗಿರುತ್ತದೆ.

ಈಗ ಚಿಕ್ಕದೊಂದು ಲೆಕ್ಕವನ್ನು ನೋಡಬಹುದು. 109 ಮೀಟರ್ ಉದ್ದದ ವಸ್ತು 410 ಕಿಲೋಮೀಟರ್ ದೂರದಲ್ಲಿದ್ದರೆ ಅದು ಎಷ್ಟು ದೊಡ್ಡದಾಗಿ ಕಂಡೀತು? ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು ಸುಮಾರು 95 ಮೀಟರ್ ಆಚೆ ಹಿಡಿದಷ್ಟು. 400 ಮಿಲಿಮೀಟರ್ ಸಂಗಮದೂರದ ಮಸೂರವು ಇದನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಗಲವಾಗಿ ಮೂಡಿಸುತ್ತದೆ. ಹಿಂದಿನ ಫಿಲ್ಮಿನಲ್ಲಾಗಿದ್ದರೆ ಇಷ್ಟು ಸಣ್ಣ ಬಿಂಬದ ವಿವರ ಫಿಲ್ಮಿನ ಕಣಗಳಲ್ಲಿಯೇ ಕಳೆದುಹೋಗುತ್ತಿತ್ತು. ಇಂದಿನ ಡಿಜಿಟಲ್ ಕ್ಯಾಮರಾದ ಸಂವೇದಕದಲ್ಲಿ ಬೆಳಕನ್ನು ಹಿಡಿಯುವ ಬಿಂದುಗಳು ಮಿಲಿಮೀಟರಿನ ಸಾವಿರದ ನಾಲ್ಕು ಭಾಗದಷ್ಟು ಚಿಕ್ಕವು. ಆದುದರಿಂದ ನಿಲ್ದಾಣದ ಉದ್ದಕ್ಕೆ ಇಪ್ಪತ್ತೈದು ಬಿಂದುಗಳಾದರೂ ದೊರೆಯುತ್ತವೆ. ರಂಗೋಲಿಯಲ್ಲಿ ಇಪ್ಪತ್ತೈದು ಚುಕ್ಕೆಗಳ ಸಾಲಿನಿಂದ ಎಂಥ ಆಕಾರಗಳನ್ನು ಬಿಡಿಸಬಹುದೆಂಬುದನ್ನು ಬಲ್ಲವರಿಗೆ ಇದು ಕಡಿಮೆಯೆನಿಸದು. ನಡುವೆ ಬಿಳಿಯ ಒಡಲು, ಎರಡು ಪಕ್ಕಗಳಲ್ಲಿ ಚಾಚಿದ ಹೊಂಬಣ್ಣದ ಸೌರಫಲಕಗಳು, ಇಷ್ಟು ಆ ಚಿತ್ರದಲ್ಲಿ ಗುರುತಿಗೆ ಸಿಗುತ್ತವೆ.

ಆದರೆ ಬಿಂಬವನ್ನು ದೊಡ್ಡದು ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಇಲ್ಲಿ ಮೂರು ಅಡ್ಡಿಗಳಿವೆ.

ಮೊದಲನೆಯದು ವೇಗ. ನಿಲ್ದಾಣವು ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗದಿಂದ ಓಡುತ್ತದೆ. ನೆತ್ತಿಯ ಮೇಲೆ ಬಂದಾಗ ಅದು ತನ್ನ ಪಥದಲ್ಲಿ ಸೆಕೆಂಡಿಗೆ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಚಲಿಸುತ್ತದೆ. ಎಂದರೆ ಒಂದೇ ಸೆಕೆಂಡಿನಲ್ಲಿ ಎರಡು ಹುಣ್ಣಿಮೆ ಚಂದ್ರರಷ್ಟು ಅಗಲವನ್ನು ದಾಟಿಬಿಡುತ್ತದೆ. ಅಲುಗದೆ ನಿಂತ ಕ್ಯಾಮರಾದ ಬಾಗಿಲನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ತೆರೆದರೆ ಅಷ್ಟರಲ್ಲಿ ಅದು 770 ಮೀಟರ್ ಸಾಗಿರುತ್ತದೆ. ಚಿತ್ರದಲ್ಲಿ ಉಳಿಯುವುದು ಒಂದು ಗೀಟು ಮಾತ್ರ. ನೂರನೆಯ ಒಂದು ಭಾಗವಾದರೆ 77 ಮೀಟರ್. ಆಗಲೂ ಆಕಾರ ಕಲಸಿಹೋಗುತ್ತದೆ. ಸಾವಿರದ ಒಂದು ಭಾಗಕ್ಕೆ ಇಳಿಸಿದಾಗ ಚಲನೆ ಎಂಟು ಮೀಟರಿಗೆ ಇಳಿದು, ಫಲಕಗಳು ಒಡಲಿನಿಂದ ಬೇರೆಯಾಗಿ ಕಾಣತೊಡಗುತ್ತವೆ. ಇಷ್ಟು ಅಲ್ಪಕಾಲದಲ್ಲಿ ಚಿತ್ರ ಮೂಡುವುದೇ ಎಂದು ಸಂಶಯಪಡಬೇಕಾಗಿಲ್ಲ. ನೋಡುವವನು ಕತ್ತಲಲ್ಲಿದ್ದರೂ ನೌಕೆಯು ನಡುಹಗಲಿನ ಬಿಸಿಲಿನಲ್ಲಿದೆ ಎಂಬುದನ್ನು ಮರೆಯಬಾರದು.

ಎರಡನೆಯ ಅಡ್ಡಿ ಗಾಳಿ. ಬಿಸಿಲಿಗೆ ಕಾದ ರಸ್ತೆಯ ಆಚೆಗಿನ ವಸ್ತುಗಳು ನಡುಗುವಂತೆ ಕಾಣುವುದು ಎಲ್ಲರ ಅನುಭವ. ಬೆಚ್ಚನೆಯ ಮತ್ತು ತಣ್ಣನೆಯ ಗಾಳಿಯ ಪದರಗಳನ್ನು ಹಾದುಬರುವ ಬೆಳಕು ಒಂದೇ ಸಮನೆ ಬಾಗುತ್ತ ತೊನೆಯುತ್ತ ಬರುವುದರಿಂದ ಹೀಗಾಗುತ್ತದೆ. ನೌಕೆಯ ಬೆಳಕೂ ಇದೇ ಗಾಳಿಯನ್ನು ದಾಟಿ ಬರಬೇಕು. ಶಾಂತವಾದ ರಾತ್ರಿಯಲ್ಲಿಯೂ ನಿಲ್ದಾಣದ ಮೇಲಿನ ಎರಡು ಮೀಟರಿಗಿಂತ ಸಣ್ಣ ವಿವರಗಳು ಈ ತೊನೆದಾಟದಲ್ಲಿ ಅಳಿಸಿಹೋಗುವುದೇ ಹೆಚ್ಚು. ದಿಗಂತಕ್ಕೆ ಹತ್ತಿರವಿದ್ದಾಗಲಂತೂ ದೂರವೂ ಗಾಳಿಯೂ ಕೂಡಿ ಹೆಚ್ಚುತ್ತವೆ. ದಿಗಂತದಿಂದ 30 ಡಿಗ್ರಿ ಮೇಲಿರುವಾಗ ನಿಲ್ದಾಣವು ನೋಡುವವನಿಂದ ಸುಮಾರು 750 ಕಿಲೋಮೀಟರ್ ದೂರದಲ್ಲಿರುತ್ತದೆ. ಆದುದರಿಂದ ಅದು ನೆತ್ತಿಯ ಸಮೀಪಕ್ಕೆ ಬರುವ ಒಂದೆರಡು ನಿಮಿಷಗಳೇ ಚಿತ್ರಕ್ಕೆ ಮುಹೂರ್ತ.

ಮೂರನೆಯದು ಮಸೂರದ್ದೇ ಮಿತಿ. ಬೆಳಕು ಅಲೆಯ ಸ್ವಭಾವವುಳ್ಳದ್ದಾದುದರಿಂದ, ಎಷ್ಟು ಉತ್ತಮವಾದ ಮಸೂರವೇ ಆಗಲಿ, ತನ್ನ ಬಾಯಿಯ ಅಗಲಕ್ಕೆ ತಕ್ಕಷ್ಟು ವಿವರವನ್ನೇ ಬಿಡಿಸಿ ತೋರಿಸಬಲ್ಲದು. ಏಳು ಸೆಂಟಿಮೀಟರ್ ಅಗಲದ ಬಾಯಿಯುಳ್ಳ ಮಸೂರಕ್ಕೆ 410 ಕಿಲೋಮೀಟರ್ ದೂರದಲ್ಲಿ ಸುಮಾರು ಮೂರು ಮೀಟರಿಗಿಂತ ಸಣ್ಣ ವಿವರ ಸಿಗುವುದಿಲ್ಲ. ಕಿಟಕಿಯಲ್ಲಿ ಕುಳಿತ ಗಗನಯಾತ್ರಿಯ ಮುಖವನ್ನು ಅದರಲ್ಲಿ ಹುಡುಕುವುದು ವ್ಯರ್ಥ.

ಈ ಅಡ್ಡಿಗಳನ್ನು ಬಲ್ಲ ಹವ್ಯಾಸಿಯು ಸಿದ್ಧತೆಯನ್ನು ಮುಂಚಿತವಾಗಿಯೇ ಮಾಡಿಕೊಳ್ಳುತ್ತಾನೆ. ನಿಲ್ದಾಣವು ಯಾವ ಊರಿನ ಮೇಲೆ ಎಷ್ಟು ಹೊತ್ತಿಗೆ ಬರುವುದೆಂಬ ಮುನ್ಸೂಚನೆ ಈಗ ಎಲ್ಲರಿಗೂ ದೊರೆಯುತ್ತದೆ. ಹೊತ್ತಿಗೆ ಮೊದಲೇ ಅವನು ಉಜ್ಜ್ವಲವಾದ ನಕ್ಷತ್ರವೊಂದಕ್ಕೆ ಕ್ಯಾಮರಾವನ್ನು ತಿರುಗಿಸಿ, ಆ ಬಿಂಬವು ಸೂಜಿಮೊನೆಯಷ್ಟು ಚೂಪಾಗುವವರೆಗೆ ಮಸೂರವನ್ನು ಹೊಂದಿಸಿ, ಮತ್ತೆ ಕದಲದಂತೆ ಬಿಗಿಗೊಳಿಸುತ್ತಾನೆ. ನೌಕೆ ಬಂದಾಗ ಕ್ಯಾಮರಾದಿಂದ ಅದನ್ನು ಹಿಂಬಾಲಿಸುತ್ತ ಒಂದರ ಹಿಂದೆ ಒಂದರಂತೆ ನೂರಾರು ಚಿತ್ರಗಳನ್ನು ತೆಗೆಯುತ್ತಾನೆ. ಅವುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರವು. ಗಾಳಿ ಒಂದು ಕ್ಷಣ ಸ್ತಬ್ಧವಾದಾಗ ಸಿಕ್ಕ ನಾಲ್ಕಾರು ಚಿತ್ರಗಳನ್ನು ಜರಡಿ ಹಿಡಿದಂತೆ ಆರಿಸಿ ತೆಗೆಯಬೇಕು. ಇಲ್ಲಿ ಪ್ರಾಮಾಣಿಕತೆಯ ಪರೀಕ್ಷೆಯೂ ಉಂಟು. ಒಂದೇ ಚಿತ್ರದಲ್ಲಿ ಕಾಣುವ ಮೂಲೆ ಅಥವಾ ಗೆರೆ ನೌಕೆಯದಾಗಿರದೆ ಗಾಳಿಯ ಚೇಷ್ಟೆಯಾಗಿರಬಹುದು. ಬೇರೆ ಬೇರೆ ಚಿತ್ರಗಳಲ್ಲಿ ಮತ್ತೆ ಮತ್ತೆ ಕಂಡದ್ದನ್ನು ಮಾತ್ರ ವಿವೇಕಿಯಾದವನು ನಿಜವೆಂದು ಒಪ್ಪುತ್ತಾನೆ.

ರಾತ್ರಿಯ ಚಿತ್ರಕ್ಕಿಂತ ಕಠಿಣವಾದುದು ಹಗಲಿನ ಚಿತ್ರ. ನೌಕೆಯು ಸೂರ್ಯಬಿಂಬದ ಎದುರಿಗೆ ಹಾದುಹೋಗುವಾಗ ಅದರ ಕಪ್ಪು ನೆರಳುರೂಪವನ್ನು ಹಿಡಿಯುವ ವಿಧಾನವಿದು. ನಾಲ್ಕೈದು ಕಿಲೋಮೀಟರ್ ಅಗಲದ ಕಿರಿದಾದ ಪಟ್ಟಿಯಲ್ಲಿ ನಿಂತವರಿಗೆ ಮಾತ್ರ ಆ ದೃಶ್ಯ ಕಾಣುತ್ತದೆ. ಅದರ ಅವಧಿಯೂ ಒಂದು ಸೆಕೆಂಡಿನ ಆಸುಪಾಸು. ಫ್ರಾನ್ಸಿನ ಥಿಯರಿ ಲೆಗೊ ಅವರು ಈ ವಿದ್ಯೆಯಲ್ಲಿ ಹೆಸರಾದವರು. 2006ರ ಸೆಪ್ಟೆಂಬರ್ 17ರಂದು ನಾರ್ಮಂಡಿ ಪ್ರಾಂತದಲ್ಲಿ ನಿಂತು, ನಿಲ್ದಾಣವೂ ಅದರಿಂದ ಆಗತಾನೆ ಬೇರ್ಪಟ್ಟ ಅಟ್ಲಾಂಟಿಸ್ ನೌಕೆಯೂ ಜೊತೆಜೊತೆಯಾಗಿ ಸೂರ್ಯನನ್ನು ದಾಟುವುದನ್ನು ಅವರು ಸೆರೆಹಿಡಿದರು. 2009ರ ಮೇ ತಿಂಗಳಿನಲ್ಲಿ ಅದೇ ಅಟ್ಲಾಂಟಿಸ್ ನೌಕೆ ಹಬಲ್ ದೂರದರ್ಶಕದ ದುರಸ್ತಿಗೆಂದು ಅದರ ಬಳಿ ಸಾರಿದಾಗ, ಸೆಕೆಂಡಿನ ಎಂಟು ಸಾವಿರದ ಒಂದು ಭಾಗದಷ್ಟು ಕಾಲ ಮಾತ್ರ ಬೆಳಕನ್ನು ಒಳಬಿಟ್ಟು ಎರಡನ್ನೂ ಸೂರ್ಯನ ಎದುರಿನಲ್ಲಿ ತೋರಿಸಿದರು. ಮಸೂರದ ಮುಂದೆ ಸೂರ್ಯನಿಗೆಂದೇ ತಯಾರಾದ ಶೋಧಕವನ್ನು ಅಳವಡಿಸದೆ ಈ ಪ್ರಯತ್ನಕ್ಕೆ ಯಾರೂ ಕೈಹಾಕಬಾರದು. ಬರಿಯ ಮಸೂರದ ಮೂಲಕ ಸೂರ್ಯನನ್ನು ನೋಡಿದವರ ಕಣ್ಣು ಕ್ಷಣಮಾತ್ರದಲ್ಲಿ ಶಾಶ್ವತವಾಗಿ ಕೆಡಬಹುದು.

ಇಷ್ಟು ಪ್ರಯಾಸಪಟ್ಟು ತೆಗೆದ ಮಸುಕುಮಸುಕಾದ ಚಿತ್ರದಿಂದ ಏನು ಪ್ರಯೋಜನ ಎಂದು ಕೇಳುವವರುಂಟು. ಅಂಥ ಚಿತ್ರದ ಬೆಲೆ ಏನೆಂಬುದನ್ನು 2003ರ ದುರಂತವೊಂದು ಜಗತ್ತಿಗೆ ಕಲಿಸಿತು.

ಆ ವರ್ಷದ ಜನವರಿ 16ರಂದು ಅಮೆರಿಕದ ಕೊಲಂಬಿಯಾ ನೌಕೆ ಏಳು ಮಂದಿಯನ್ನು ಹೊತ್ತು ಫ್ಲಾರಿಡಾದಿಂದ ಮೇಲೇರಿತು. ಅವರಲ್ಲಿ ಒಬ್ಬರು ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿ ಬೆಳೆದ ಕಲ್ಪನಾ ಚಾವ್ಲಾ. ನೌಕೆ ನೆಲವನ್ನು ಬಿಟ್ಟು ಸುಮಾರು 82 ಸೆಕೆಂಡುಗಳಾದಾಗ, ಹೊರಗಿನ ಇಂಧನದ ತೊಟ್ಟಿಗೆ ಹೊದಿಸಿದ್ದ ನೊರೆಯಂಥ ಹಗುರ ವಸ್ತುವಿನ ತುಂಡೊಂದು ಕಳಚಿಬಂದು ಎಡರೆಕ್ಕೆಯ ಅಂಚಿಗೆ ಬಡಿಯಿತು. ತುಂಡಿನ ತೂಕ ಮುಕ್ಕಾಲು ಕಿಲೋಗ್ರಾಮಿನಷ್ಟು. ಆದರೆ ಬಡಿದ ವೇಗ ಗಂಟೆಗೆ ಸುಮಾರು 800 ಕಿಲೋಮೀಟರ್. ನೆಲದ ಕ್ಯಾಮರಾಗಳು ತೆಗೆದಿದ್ದ ಚಿತ್ರಗಳನ್ನು ಮರುದಿನ ಪರಿಶೀಲಿಸಿದ ಎಂಜಿನಿಯರುಗಳಿಗೆ ತುಂಡು ಬಡಿದದ್ದು ಕಂಡಿತು. ಅದರಿಂದಾದ ಹಾನಿ ಎಷ್ಟೆಂಬುದು ಕಾಣಲಿಲ್ಲ. ಚಿತ್ರಗಳು ಅಷ್ಟು ಸ್ಪಷ್ಟವಾಗಿರಲಿಲ್ಲ.

ಸಂದೇಹಗೊಂಡ ಎಂಜಿನಿಯರುಗಳು ಕಕ್ಷೆಯಲ್ಲಿರುವ ನೌಕೆಯ ಚಿತ್ರಗಳನ್ನು ರಕ್ಷಣಾ ಇಲಾಖೆಯ ಪ್ರಬಲ ಸಾಧನಗಳಿಂದ ತೆಗೆಸಬೇಕೆಂದು ಬಯಸಿದರು. ಇಂಥ ಕೋರಿಕೆ ಮೂರು ಸಲ ಬೇರೆ ಬೇರೆ ದಾರಿಯಿಂದ ಹೊರಟಿತು. ಆದರೆ ನೊರೆಯ ತುಂಡಿನಿಂದ ಅಪಾಯವಿಲ್ಲವೆಂಬ ನಂಬಿಕೆ ಮೇಲಿನವರಲ್ಲಿ ಬೇರೂರಿತ್ತು. ಹಿಂದಿನ ಯಾನಗಳಲ್ಲಿಯೂ ತುಂಡುಗಳು ಕಳಚಿದ್ದವು. ನೌಕೆಗಳು ಕ್ಷೇಮವಾಗಿ ಮರಳಿದ್ದವು. ಕೋರಿಕೆಗಳು ಅಲ್ಲಿಗೇ ನಿಂತವು. ಬಯಸಿದ ಚಿತ್ರಗಳು ದೊರೆಯಲಿಲ್ಲ. ಫೆಬ್ರವರಿ 1ರಂದು, ನೆಲವನ್ನು ಮುಟ್ಟಲು ಇನ್ನು 16 ನಿಮಿಷಗಳಿರುವಾಗ, ರೆಕ್ಕೆಯ ಒಡಕಿನಿಂದ ಒಳನುಗ್ಗಿದ ಉರಿಗಾಳಿಗೆ ನೌಕೆ ಛಿದ್ರವಾಯಿತು. ಏಳು ಜನರೂ ಅಸುನೀಗಿದರು.

ಹೆರಾಲ್ಡ್ ಗೆಹ್ಮನ್ ಅವರ ನೇತೃತ್ವದ ತನಿಖಾ ಮಂಡಳಿಯು ಅದೇ ವರ್ಷದ ಆಗಸ್ಟಿನಲ್ಲಿ ವರದಿ ನೀಡಿತು. ರೆಕ್ಕೆಯ ಒಡಕಿನಷ್ಟೇ, ಪ್ರಶ್ನೆಗೆ ಕಿವಿಗೊಡದ ಕಾರ್ಯಪದ್ಧತಿಯೂ ದುರಂತಕ್ಕೆ ಕಾರಣವೆಂದು ಅದು ಹೇಳಿತು. ಚಿತ್ರವೊಂದಿದ್ದಿದ್ದರೆ ಆ ಏಳು ಜನ ಉಳಿಯುತ್ತಿದ್ದರೆ? ಕಕ್ಷೆಯಲ್ಲಿಯೇ ದುರಸ್ತಿ ಮಾಡುವುದು, ಇಲ್ಲವೆ ಅಟ್ಲಾಂಟಿಸ್ ನೌಕೆಯನ್ನು ಅವಸರದಿಂದ ಕಳುಹಿಸಿ ಅವರನ್ನು ಕರೆತರುವುದು, ಹೀಗೆ ಎರಡು ದಾರಿಗಳನ್ನು ಮಂಡಳಿಯು ಪರಿಶೀಲಿಸಿತು. ಎರಡೂ ಕಡುಕಷ್ಟದ ದಾರಿಗಳೇ. ಆದರೆ ಹಾನಿಯೇ ಗೊತ್ತಿಲ್ಲದವರಿಗೆ ಯಾವ ದಾರಿಯೂ ಇರಲಿಲ್ಲ. ಮೇಲೇರುವ ನೌಕೆಯನ್ನು ಕಡೆಯ ಪಕ್ಷ ಮೂರು ಕೋನಗಳಿಂದ ಸ್ಪಷ್ಟವಾಗಿ ಚಿತ್ರಿಸಬೇಕು, ಕಕ್ಷೆಯಲ್ಲಿಯೂ ಪ್ರತಿಯೊಂದು ನೌಕೆಯ ಚಿತ್ರ ತೆಗೆಯುವುದು ನಿಯಮವಾಗಬೇಕು ಎಂದು ಮಂಡಳಿ ಸಲಹೆ ಮಾಡಿತು.

ಈ ಪಾಠವು ವ್ಯರ್ಥವಾಗಲಿಲ್ಲ. 2005ರ ಜುಲೈ ತಿಂಗಳಿನಲ್ಲಿ ಡಿಸ್ಕವರಿ ನೌಕೆ ಬಾಹ್ಯಾಕಾಶ ನಿಲ್ದಾಣವನ್ನು ಸಮೀಪಿಸಿತು. ನೆಲದ ಕ್ಯಾಮರಾಕ್ಕೆ ಅಡ್ಡಿಯಾಗುವ ದೂರವೂ ಗಾಳಿಯೂ ಅಲ್ಲಿರಲಿಲ್ಲ. ನಿಲ್ದಾಣಕ್ಕೆ ಸುಮಾರು 180 ಮೀಟರ್ ಕೆಳಗೆ ಡಿಸ್ಕವರಿಯು ಮೆಲ್ಲನೆ ಲಾಗ ಹಾಕಿ ತನ್ನ ಹೊಟ್ಟೆಯ ಭಾಗವನ್ನು ಮೇಲಕ್ಕೆ ತೋರಿಸಿತು. ನಿಲ್ದಾಣದಲ್ಲಿದ್ದ ಸೆರ್ಗೆಯ್ ಕ್ರಿಕಲ್ಯೋವ್ ಮತ್ತು ಜಾನ್ ಫಿಲಿಪ್ಸ್ ಅವರು 400 ಹಾಗೂ 800 ಮಿಲಿಮೀಟರ್ ಟೆಲಿಫೋಟೋ ಮಸೂರಗಳಿಂದ ಅದರ ಮೈಯನ್ನೆಲ್ಲ ಚಿತ್ರಿಸಿ ನೆಲಕ್ಕೆ ಕಳುಹಿಸಿದರು. ಶಾಖವನ್ನು ತಡೆಯುವ ಬಿಲ್ಲೆಗಳ ಸಂದಿಯಿಂದ ಬಟ್ಟೆಯಂಥ ಎರಡು ಪಟ್ಟಿಗಳು ಹೊರಚಾಚಿರುವುದು ಆ ಚಿತ್ರಗಳಲ್ಲಿ ಕಂಡಿತು. ಆಗಸ್ಟ್ 3ರಂದು ಗಗನಯಾತ್ರಿ ಸ್ಟೀಫನ್ ರಾಬಿನ್‌ಸನ್ ಅವರು ಹೊರಗಿಳಿದು, ನೌಕೆಯ ಹೊಟ್ಟೆಯ ಬಳಿ ಸಾರಿ, ಆ ಎರಡನ್ನೂ ಕೈಯಿಂದಲೇ ಎಳೆದು ತೆಗೆದರು. 9ರಂದು ಡಿಸ್ಕವರಿ ಕ್ಷೇಮವಾಗಿ ಇಳಿಯಿತು. ಎರಡು ವರ್ಷಗಳ ಹಿಂದೆ ಅನಾವಶ್ಯಕವೆನಿಸಿದ್ದ ಚಿತ್ರವು ಈಗ ಪ್ರಯಾಣದ ಅಂಗವಾಗಿತ್ತು.

ನೆಲದಲ್ಲಿ ನಿಂತ ಹವ್ಯಾಸಿಯ ಮಸೂರಕ್ಕೆ ಕೊಲಂಬಿಯಾದ ಒಡಕು ಕಾಣುತ್ತಿರಲಿಲ್ಲ, ನಿಜ. ಅದರ ಮಿತಿ ಎಷ್ಟೆಂಬುದನ್ನು ಮೇಲಿನ ಲೆಕ್ಕಗಳೇ ಹೇಳುತ್ತವೆ. ಆದರೂ ನೈನಿತಾಲಿನ ಕ್ಯಾಮರಾದ ಮುಂದೆ ಕುಳಿತವನಿಗೂ, ನಿಲ್ದಾಣದ ಕಿಟಕಿಯಲ್ಲಿ ಮಸೂರ ಹಿಡಿದವನಿಗೂ, ಮನೆಯ ಮಾಳಿಗೆಯ ಮೇಲೆ ಹೊತ್ತು ಕಾಯುವ ಹವ್ಯಾಸಿಗೂ ಇರಬೇಕಾದ ಗುಣ ಒಂದೇ. ಗೊತ್ತಿದೆಯೆಂದು ಊಹಿಸಿ ಸುಮ್ಮನಾಗದೆ ಕಣ್ಣಿಟ್ಟು ನೋಡುವುದು, ಕಂಡಷ್ಟನ್ನೇ ಹೇಳುವುದು.

2025ರ ಜೂನ್ 26ರಂದು ಶುಭಾಂಶು ಶುಕ್ಲಾ ಅವರು ಆ ನಿಲ್ದಾಣವನ್ನು ಸೇರಿ, ಅಲ್ಲಿಗೆ ಹೋದ ಮೊದಲ ಭಾರತೀಯರೆನಿಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಪ್ರಯೋಗಕ್ಕಾಗಿ ಹೆಸರುಕಾಳು ಮತ್ತು ಮೆಂತ್ಯದ ಬೀಜಗಳೂ ಆ ಯಾನದಲ್ಲಿ ಹೋಗಿ ಅಲ್ಲಿ ಮೊಳಕೆಯೊಡೆದವು. ಆ ದಿನಗಳಲ್ಲಿ ಮುಸ್ಸಂಜೆಯ ಬಾನಿನಲ್ಲಿ ಸಾಗಿದ ಚುಕ್ಕೆಯೊಳಗೆ ಕನ್ನಡ ನೆಲದ ನಾಲ್ಕು ಕಾಳುಗಳೂ ಇದ್ದವು. ಅವು ಯಾವ ಮಸೂರಕ್ಕೂ ಕಾಣುವಂಥವಲ್ಲ. ಆದರೆ ಅವನ್ನು ಹೊತ್ತ ಮನೆಯ ಆಕಾರವನ್ನು ಅಂಗಳದಲ್ಲಿ ನಿಂತ ಹುಡುಗನೋ ಹುಡುಗಿಯೋ ಇಪ್ಪತ್ತೈದು ಬಿಂದುಗಳಲ್ಲಿ ಹಿಡಿಯಬಹುದು. ಅದಕ್ಕೆ ಬೇಕಾದುದು ಒಂದು ಮಸೂರ, ಒಂದಿಷ್ಟು ಲೆಕ್ಕ ಮತ್ತು ಹೊತ್ತಿಗೆ ಸರಿಯಾಗಿ ತಲೆಯೆತ್ತಿ ನೋಡುವ ಅಭ್ಯಾಸ.